ಪೈಪಿಗೂ ಒಂದು ಟೇಲ್ ಎಂಡ್ ಇದೆ

ಮಾನ್ವಿ, ಸಿರವಾರ ಕಡೆಯ ರೈತರ ಜೊತೆ ಹತ್ತು ನಿಮಿಷ ಕೂತು ಚಹಾ ಕುಡಿಯಿರಿ. ಎರಡು ಇಂಗ್ಲಿಷ್ ಪದ ಕಿವಿಗೆ ಬಿದ್ದೇ ಬೀಳುತ್ತವೆ. ಒಂದು ‘ಗೇಜ್’, ಅಂದರೆ ಕಾಲುವೆಯ ನೀರಿನ ಮಟ್ಟ. ಇನ್ನೊಂದು ‘ಟೇಲ್ ಎಂಡ್’, ಅಂದರೆ ಕಾಲುವೆಯ ಕೊನೆಯ ಭಾಗ. ಶಾಲೆ ಮೆಟ್ಟಿಲು ಹತ್ತದ ಅಜ್ಜನೂ ಇವನ್ನು ಕನ್ನಡದ ಪದಗಳ ಹಾಗೇ ಆಡುತ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆ ಡ್ಯಾಮಿನಿಂದ ಹೊರಟು ಕೊಪ್ಪಳ, ಗಂಗಾವತಿ, ಸಿಂಧನೂರು ಸೀಮೆ ದಾಟಿ 220 ಕಿಲೋಮೀಟರಿಗೂ ಜಾಸ್ತಿ ಹರಿಯಬೇಕು. ಮೇಲಿನ ಭಾಗದ ಭತ್ತದ ಗದ್ದೆಗಳು ಕುಡಿದು ಬಿಟ್ಟಿದ್ದು ಕೊನೆಯವರಿಗೆ. ಹಾಗಾಗಿ ಮೈಲ್ 69ರಲ್ಲಿ ಗೇಜ್ ಎಷ್ಟು, ಮೈಲ್ 104ರಲ್ಲಿ ಎಷ್ಟು ಅನ್ನುವುದು ಇಲ್ಲಿ ಕ್ರಿಕೆಟ್ ಸ್ಕೋರಿಗಿಂತ ದೊಡ್ಡ ಸುದ್ದಿ. ಗೇಜ್ ಇಳಿಯಿತು ಅಂದರೆ ಧರಣಿ, ರಸ್ತೆ ತಡೆ.

ಕಾಲುವೆಯ ಟೇಲ್ ಎಂಡ್‌ಗೆ ಕೂಗುವ ಬಾಯಿಯಾದರೂ ಇದೆ. ಕುಡಿಯುವ ನೀರಿನ ಪೈಪಿಗೂ ಒಂದು ಟೇಲ್ ಎಂಡ್ ಇದೆ. ಅದರ ಗೇಜ್ ಯಾರೂ ಕೇಳುವುದಿಲ್ಲ. ಊರಿನ ಟ್ಯಾಂಕಿನಿಂದ ಹೊರಟ ಪೈಪು ಮೊದಲು ಅಗಸಿ ಹತ್ತಿರದ ಮನೆಗಳಿಗೆ ಹೋಗುತ್ತದೆ. ಆಮೇಲೆ ಉಳಿದ ಓಣಿಗಳಿಗೆ. ಕೊನೆಗೆ ಕೇರಿಗೆ, ತಾಂಡಾಕ್ಕೆ, ಊರಾಚೆಯ ಆಶ್ರಯ ಮನೆಗಳಿಗೆ. ಮೊದಲ ಮನೆಯವರು ಮೋಟರ್ ಹಚ್ಚಿ ಎಳೆದರೆ ಕೊನೆಯ ಮನೆಯ ನಳ ಬರೀ ಗಾಳಿ ಉಗುಳುತ್ತದೆ. ಬಡತನ ಮನೆ ಮಾಡಿಕೊಂಡಿರುವುದೂ ಅಲ್ಲೇ, ಅಲ್ವಾ?

ಶುದ್ಧ ನೀರು, ಶೌಚಾಲಯ ಕೊಟ್ಟರೆ ಬಡತನ ಇಳಿಯುತ್ತದೆ ಎಂದು ಜಗತ್ತಿನ ಎಲ್ಲ ಸಂಸ್ಥೆಗಳೂ ಹೇಳುತ್ತವೆ. ಮಾತು ಸುಳ್ಳಲ್ಲ. ಆದರೆ ಯಾವ ನೀರು, ಯಾರ ಮನೆಗೆ, ವರ್ಷದ ಯಾವ ತಿಂಗಳಲ್ಲಿ ಅಂತ ಕೇಳದೇ ಹೋದರೆ ಅದು ಅರ್ಧ ಮಾತು. ಉಳಿದ ಅರ್ಧ ರಾಯಚೂರು, ಕೊಪ್ಪಳದಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲು ಜಗತ್ತಿನ ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2025ರಲ್ಲಿ ಕೊಟ್ಟ ವರದಿಯ ಪ್ರಕಾರ 210 ಕೋಟಿ ಜನರಿಗೆ ‘ಸುರಕ್ಷಿತ’ ಅನ್ನಬಹುದಾದ ಕುಡಿಯುವ ನೀರು ಸಿಗುತ್ತಿಲ್ಲ. 340 ಕೋಟಿ ಜನರಿಗೆ ಸುರಕ್ಷಿತ ಶೌಚ ವ್ಯವಸ್ಥೆ ಇಲ್ಲ. ಸುಮಾರು 35 ಕೋಟಿ ಜನ ಇನ್ನೂ ಬಯಲಿಗೇ ಹೋಗುತ್ತಾರೆ. ನೀರು ಮತ್ತು ನೈರ್ಮಲ್ಯ ಮನುಷ್ಯರ ಹಕ್ಕು ಎಂದು ವಿಶ್ವಸಂಸ್ಥೆ ಒಪ್ಪಿಕೊಂಡಿದ್ದು 2010ರ ಜುಲೈ 28ರಂದು. 2030ರ ಹೊತ್ತಿಗೆ ಎಲ್ಲರಿಗೂ ಇವೆರಡೂ ಸಿಗಬೇಕು ಅನ್ನುವುದು ಅದರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಆರನೆಯದು.

ಇಲ್ಲಿ ‘ಸುರಕ್ಷಿತ’ ಅನ್ನುವ ಪದಕ್ಕೆ ಮೂರು ಷರತ್ತುಗಳಿವೆ. ನೀರು ಮನೆಯ ಅಂಗಳದಲ್ಲೇ ಸಿಗಬೇಕು. ಬೇಕಾದಾಗ ಸಿಗಬೇಕು. ರೋಗಾಣು, ಫ್ಲೋರೈಡ್, ಆರ್ಸೆನಿಕ್ ಇರಬಾರದು. ನಮ್ಮ ಊರುಗಳನ್ನು ಈ ಜರಡಿಯಲ್ಲಿ ಹಾಕಿ ನೋಡಿ. ಮೊದಲ ಷರತ್ತಿನಲ್ಲಿ ಈಗ ಬಹಳಷ್ಟು ಊರು ಪಾಸು. ಎರಡನೆಯದರಲ್ಲಿ ಒದ್ದಾಟ. ಮೂರನೆಯದನ್ನು ಹೆಚ್ಚಿನವರು ಪರೀಕ್ಷೆ ಮಾಡಿಸಿಯೇ ಇಲ್ಲ.

ಪುಕ್ಕಟೆ ನೀರಿನ ಬಿಲ್ಲು

ನಮ್ಮ ಚಿಗವ್ವನ ಮನೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ನಾನು ಚಿಕ್ಕವನಿದ್ದಾಗ ರಜೆಗೆ ಅಲ್ಲಿಗೆ ಹೋದರೆ ಬೆಳಿಗ್ಗೆ ಏಳುವಷ್ಟರಲ್ಲಿ ಆಕೆ ಮನೆಯಲ್ಲಿ ಇರುತ್ತಿರಲಿಲ್ಲ. ಬೋರಿನ ಮುಂದೆ ಕೊಡಗಳ ಸಾಲಿನಲ್ಲಿ ನಿಂತಿರುತ್ತಿದ್ದಳು. ಕೆಲವು ದಿನ ಆಕೆ ಇರುತ್ತಿರಲಿಲ್ಲ, ಆಕೆಯ ಕೊಡ ಸಾಲಿನಲ್ಲಿ ಇರುತ್ತಿತ್ತು. ಕೊಡಕ್ಕೂ ಪಾಳಿ ಇತ್ತು, ಜಗಳಕ್ಕೂ ಪಾಳಿ ಇತ್ತು.

ಹಳ್ಳಿ ಮನೆಗಳಿಗೆ ನಳ ಹಾಕಿಸುವ ಜಲಜೀವನ ಮಿಷನ್ ಪ್ರಕಾರ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಐದು ಜನರ ಮನೆಗೆ 275 ಲೀಟರ್ ಆಯಿತು. ಒಂದು ಕೊಡಕ್ಕೆ 15 ಲೀಟರ್ ಹಿಡಿದರೆ ದಿನಕ್ಕೆ ಹದಿನೆಂಟು ಕೊಡ. ತಲೆ ಮೇಲೊಂದು, ಸೊಂಟದಲ್ಲೊಂದು ಇಟ್ಟುಕೊಂಡರೂ ಒಂಬತ್ತು ಸಲ ಹೋಗಿ ಬರಬೇಕು. ಯಾರೂ ಅಷ್ಟು ಹೊರುವುದಿಲ್ಲ, ಹೊರಲು ಆಗುವುದೂ ಇಲ್ಲ. ಹಾಗಾಗಿ ಮನೆಯವರು ನೀರು ಕಡಿಮೆ ಬಳಸುತ್ತಾರೆ. ಮೊದಲು ಕಡಿತ ಆಗುವುದು ಕೈ ತೊಳೆಯುವ ನೀರು. ಆಮೇಲೆ ಮಕ್ಕಳ ಸ್ನಾನ. ರೋಗ ಬರುವುದು ಹೊಲಸು ನೀರಿನಿಂದ ಮಾತ್ರ ಅಂದುಕೊಂಡಿರುತ್ತೇವೆ. ಕಡಿಮೆ ನೀರಿನಿಂದಲೂ ಬರುತ್ತದೆ.

ಹೊರುವವರು ಯಾರು? ಮನೆಯಲ್ಲಿ ನೀರಿನ ವ್ಯವಸ್ಥೆ ಇಲ್ಲದ ಕಡೆ, ಜಗತ್ತಿನಾದ್ಯಂತ ಹತ್ತರಲ್ಲಿ ಏಳು ಮನೆಗಳಲ್ಲಿ ಈ ಕೆಲಸ ಹೆಂಗಸರದ್ದು, ಹುಡುಗಿಯರದ್ದು. ಭಾರತದ ಹೆಣ್ಣುಮಕ್ಕಳು ಸರಾಸರಿ ದಿನಕ್ಕೆ 45 ನಿಮಿಷ ನೀರು ತರಲು ಕಳೆಯುತ್ತಿದ್ದರು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಸ್ಥಿತಿ ನೋಡಿ ಹೇಳಿತ್ತು. ಎಲ್ಲ ಹಳ್ಳಿ ಮನೆಗೂ ನಳ ಬಂದರೆ ದೇಶದಲ್ಲಿ ದಿನಕ್ಕೆ ಐದೂವರೆ ಕೋಟಿ ಗಂಟೆ ಉಳಿಯುತ್ತದೆ ಎಂದೂ ಅದೇ ಸಂಸ್ಥೆ ಅಂದಾಜು ಮಾಡಿತ್ತು. ಸರಾಸರಿ ಅನ್ನುವುದು ಊರ ಮುಂದಿನ ಮನೆ ಮತ್ತು ತಾಂಡಾದ ಮನೆಯನ್ನು ಕೂಡಿಸಿ ಭಾಗಿಸಿದ ಲೆಕ್ಕ. ನಮ್ಮ ಎರೆಭೂಮಿ ಸೀಮೆಯಲ್ಲಿ ಏಪ್ರಿಲ್ ತಿಂಗಳ ಎರಡು ಗಂಟೆಯನ್ನು ಯಾರೂ ದೊಡ್ಡದು ಅನ್ನುವುದಿಲ್ಲ.

ಅದಕ್ಕೊಂದು ಬೆಲೆ ಕಟ್ಟೋಣ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2025-26ರಲ್ಲಿ 370 ರೂಪಾಯಿ ಇತ್ತು. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46. ದಿನಕ್ಕೆ ಎರಡು ಗಂಟೆ ಅಂದರೆ ವರ್ಷಕ್ಕೆ 33 ಸಾವಿರದ ಮೇಲೆ. ಪುಕ್ಕಟೆ ಅಂದುಕೊಂಡ ನೀರಿನ ಬಿಲ್ಲು ಇದು. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೂ ಇಷ್ಟು ಬರಲಿಕ್ಕಿಲ್ಲ. ಈ ಲೆಕ್ಕ ಕೇಳಲು ಚೆನ್ನಾಗಿದೆ, ಭಾಷಣಕ್ಕೂ ಆಗುತ್ತದೆ. ಅದರಲ್ಲೊಂದು ತೂತು ಇದೆ, ಮುಂದೆ ಹೇಳುತ್ತೇನೆ.

ಕಾಯಿಲೆಯ ಬಿಲ್ಲು ಇನ್ನೂ ನೇರವಾದದ್ದು. ಒಂದು ಮಳೆಗಾಲ ಚಿಗವ್ವನ ಮನೆಯಲ್ಲಿ ಎರಡು ಮಕ್ಕಳಿಗೆ ಒಟ್ಟಿಗೇ ವಾಂತಿಭೇದಿ ಹಿಡಿಯಿತು. ಉಪ್ಪು, ಸಕ್ಕರೆ ಕಲಸಿದ ನೀರು ಅಥವಾ ಅಂಗನವಾಡಿಯ ಓಆರ್‌ಎಸ್ ಪೊಟ್ಟಣದಲ್ಲಿ ಬಗೆಹರಿಯಬಹುದಿತ್ತು. ರಾತ್ರಿ ಗಾಬರಿಯಲ್ಲಿ ಟಂಟಂ ಮಾಡಿಕೊಂಡು ಹೋಗಿದ್ದು ಖಾಸಗಿ ಡಾಕ್ಟರ್ ಹತ್ತಿರ. ಸಲೈನ್ ಹಚ್ಚಿದರು. ಎರಡು ದಿನ ಕೂಲಿ ಹೋಯಿತು. ಸಂಘದಿಂದ ತಂದ ಸಾಲ ತೀರಿಸಲು ಮುಂದಿನ ಸುಗ್ಗಿ ಬರಬೇಕಾಯಿತು. ಸಾಲ ತಂದಿದ್ದು ಐದಾರು ಸಾವಿರ, ಅಷ್ಟೇ. ಆದರೆ ಬಿತ್ತನೆ ಬೀಜಕ್ಕೆ ಇಟ್ಟ ದುಡ್ಡೂ ಅಷ್ಟೇ ಇತ್ತು.

ಹೀಗೆ ಮನೆ ಮನೆಯಲ್ಲಿ ಸೋರಿದ ದುಡ್ಡನ್ನು ಇಡೀ ದೇಶಕ್ಕೆ ಕೂಡಿಸಿದವರೂ ಇದ್ದಾರೆ. ನೈರ್ಮಲ್ಯ ಸರಿ ಇಲ್ಲದ್ದರಿಂದ ಭಾರತಕ್ಕೆ 2006ರ ಒಂದೇ ವರ್ಷದಲ್ಲಿ ಸುಮಾರು 2.44 ಲಕ್ಷ ಕೋಟಿ ರೂಪಾಯಿ ನಷ್ಟವಾಯಿತು ಎಂದು ವಿಶ್ವ ಬ್ಯಾಂಕಿನ ನೀರು–ನೈರ್ಮಲ್ಯ ವಿಭಾಗ ಲೆಕ್ಕ ಹಾಕಿತ್ತು. ದೇಶದ ಒಟ್ಟು ಉತ್ಪನ್ನದ ಶೇ 6.4ರಷ್ಟು. ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಆರೋಗ್ಯದ ಲೆಕ್ಕವೇ ಇತ್ತು.

ಹಲ್ಲು, ಮೊಣಕಾಲು

ನಮ್ಮ ಕಡೆ ಹಲ್ಲು ನೋಡಿ ‘ನೀವು ಇಂಥ ಸೀಮೆಯವರಾ’ ಅಂತ ಕೇಳುವ ಹಿರಿಯರು ಇದ್ದಾರೆ. ತಮಾಷೆ ಅಲ್ಲ. ಚಿಕ್ಕಂದಿನಲ್ಲಿ ಜಾಸ್ತಿ ಫ್ಲೋರೈಡ್ ಇರುವ ನೀರು ಕುಡಿದರೆ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಮೂಡಿ ಹಾಗೇ ಉಳಿಯುತ್ತದೆ. ಕೊಪ್ಪಳ, ರಾಯಚೂರಿನ ನೆಲದಡಿ ಇರುವುದು ಗಟ್ಟಿ ಕಲ್ಲು. ಕಲ್ಲಿನೊಳಗಿನ ಫ್ಲೋರೈಡ್ ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ಬೋರು ಆಳಕ್ಕೆ ಹೋದಷ್ಟೂ ಕಲ್ಲಿನ ಜೊತೆ ಜಾಸ್ತಿ ಕಾಲ ಕಳೆದ ನೀರು ಮೇಲೆ ಬರುತ್ತದೆ. ಲೀಟರಿಗೆ ಒಂದು ಮಿಲಿಗ್ರಾಮ್ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ ಒಂದೂವರೆವರೆಗೆ ಸರಿ ಅನ್ನುತ್ತದೆ ಭಾರತೀಯ ಮಾನದಂಡ.

ಹಲ್ಲಿನ ಕಲೆ ಮದುವೆ ಮಾತುಕತೆಯಲ್ಲಿ ನೋವು ಕೊಡುತ್ತದೆ. ಎಲುಬಿನ ಫ್ಲೋರೋಸಿಸ್ ಹೊಟ್ಟೆಗೇ ಹೊಡೆಯುತ್ತದೆ. ಮೊಣಕಾಲು ಮಡಚಲು ಆಗುವುದಿಲ್ಲ, ಬೆನ್ನು ಬಾಗುತ್ತದೆ, ಕುತ್ತಿಗೆ ತಿರುಗುವುದಿಲ್ಲ. ಹತ್ತಿ ಬಿಡಿಸುವವರಿಗೆ, ಕಳೆ ತೆಗೆಯುವವರಿಗೆ, ಭತ್ತದ ಸಸಿ ನೆಡುವವರಿಗೆ ಬಗ್ಗುವುದೇ ಬಂಡವಾಳ. ನಲವತ್ತು ದಾಟುವ ಮೊದಲೇ ಆ ಬಂಡವಾಳ ಕರಗಿದರೆ ಕೂಲಿ ಅರ್ಧ. ವಾಂತಿಭೇದಿ ಬಂದರೆ ಊರಿಗೆ ಡಾಕ್ಟರು, ತಹಶೀಲ್ದಾರರು, ಟಿವಿಯವರು ಬರುತ್ತಾರೆ. ಮೊಣಕಾಲಿಗೆ ಯಾರೂ ಬರುವುದಿಲ್ಲ. ‘ವಯಸ್ಸಾತು’ ಅಂತ ಅವರೇ ಹೇಳಿಕೊಂಡು ಕೂರುತ್ತಾರೆ.

ಫ್ಲೋರೈಡ್‌ನ ಇನ್ನೊಂದು ಮೋಸ ಏನೆಂದರೆ ಅದಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ. ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಹಟ್ಟಿ ಚಿನ್ನದ ಗಣಿಯ ಸುತ್ತಿನ ಕೆಲವು ಕಡೆ ಅಂತರ್ಜಲದಲ್ಲಿ ಸಿಕ್ಕ ಆರ್ಸೆನಿಕ್ ಕೂಡ ಹಾಗೆಯೇ, ಕುದಿಸಿದರೆ ಬಗ್ಗುವ ಪೈಕಿ ಅಲ್ಲ. ದೇಶಕ್ಕೆ ಚಿನ್ನ ಕೊಡುವ ನೆಲ, ಶಕ್ತಿನಗರದಿಂದ ರಾಜ್ಯಕ್ಕೆ ಕರೆಂಟು ಕೊಡುವ ಜಿಲ್ಲೆ, ಎಡಕ್ಕೆ ಕೃಷ್ಣೆ, ಬಲಕ್ಕೆ ತುಂಗಭದ್ರೆ. ನಡುವೆ ಐದು ರೂಪಾಯಿ ನಾಣ್ಯ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಇಟ್ಟು ನಿಂತ ಜನ.

ಆ ಘಟಕಗಳನ್ನು ನಾನು ಹೀಯಾಳಿಸುವುದಿಲ್ಲ. ನಡೆಯುತ್ತಿರುವಷ್ಟು ದಿನ ಅವು ಮೊಣಕಾಲು ಉಳಿಸುತ್ತವೆ. ಒಳಗಿನ ಪೊರೆ ಹಾಳಾದರೆ, ಕರೆಂಟ್ ಬಿಲ್ ಬಾಕಿ ಬಿದ್ದರೆ, ಗುತ್ತಿಗೆ ಮುಗಿದರೆ ಬೀಗ. ಆಗ ದುಡ್ಡಿದ್ದವರು ಖಾಸಗಿ ಕ್ಯಾನ್ ತರಿಸುತ್ತಾರೆ. ಇಲ್ಲದವರು ಮತ್ತೆ ಬೋರಿಗೆ. ಎಷ್ಟು ಘಟಕ ಕಟ್ಟಿದೆವು ಅನ್ನುವ ಲೆಕ್ಕದಲ್ಲಿ ಬೀಗ ಹಾಕಿದ್ದೂ ಒಂದು, ತೆರೆದದ್ದೂ ಒಂದು.

ಮೇ ಕೊನೆ, ಜೂನ್ ಮೊದಲು

2022ರ ಮೇ ಕೊನೆಯಿಂದ ಜೂನ್‌ವರೆಗೆ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು, ಎಷ್ಟೋ ಜನ ಆಸ್ಪತ್ರೆ ಸೇರಿದರು. ನಗರದ ನೀರು ಶುದ್ಧೀಕರಣ ಘಟಕದ ನಿರ್ವಹಣೆಯ ಮೇಲೆ ಎಲ್ಲರ ಬೆರಳು ಹೋಯಿತು. ಮರುವರ್ಷ, 2023ರ ಮೇ ಕೊನೆಗೆ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಒಂದು ಮಗು ಸತ್ತಿತು. ಅದರ ಬೆನ್ನಲ್ಲೇ ಜೂನ್‌ನಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳದಲ್ಲಿ ಸಾವುಗಳಾದವು. ಊರು ಬೇರೆ, ನೀರಿನ ಮೂಲ ಬೇರೆ. ತಿಂಗಳು ಮಾತ್ರ ಅದೇ.

ಯಾಕೆ ಅದೇ ತಿಂಗಳು? ಬೇಸಿಗೆಯಲ್ಲಿ ಕಾಲುವೆ ಬಂದ್ ಆಗುತ್ತದೆ. ಅದರಿಂದ ತುಂಬಿಸಿಕೊಂಡ ಕೆರೆ, ಟ್ಯಾಂಕುಗಳಲ್ಲೇ ತಿಂಗಳುಗಟ್ಟಲೆ ಕಾಲ ತಳ್ಳಬೇಕು. ಮೇ ಹೊತ್ತಿಗೆ ಉಳಿಯುವುದು ತಳದ ನೀರು, ಪಾಚಿ, ಕೆಸರು. ಬೋರುಗಳೂ ಸೋತಿರುತ್ತವೆ. ನೀರು ಕಡಿಮೆ ಅಂತ ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಬಿಡುತ್ತಾರೆ.

ಅಪಾಯ ಶುರುವಾಗುವುದೇ ಇಲ್ಲಿ. ಪೈಪಿನಲ್ಲಿ ನೀರು ಒತ್ತಡದಿಂದ ತುಂಬಿ ಹರಿಯುತ್ತಿದ್ದರೆ ಒಡೆದ ಜಾಗದಿಂದ ನೀರು ಹೊರಗೆ ಚಿಮ್ಮುತ್ತದೆ. ನೀರು ಬಂದ್ ಆದ ಮೇಲೆ ಪೈಪು ಖಾಲಿ. ಆಗ ಅದೇ ತೂತು ಹೊರಗಿನದ್ದನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಕುಡಿಯುವ ನೀರಿನ ಪೈಪು ಗಟಾರದೊಳಗೇ ಹಾದುಹೋಗುವುದು ಮಾಮೂಲಿ. ಮನೆಯವರು ಮೋಟರ್ ಹಚ್ಚಿದರಂತೂ ಈ ಎಳೆತ ಇನ್ನೂ ಜೋರು. ಮೊದಲ ಮುಂಗಾರು ಮಳೆ ಗಟಾರ ತುಂಬಿಸಿದ ದಿನ, ವಾರದ ನಂತರ ನೀರು ಬಿಟ್ಟರೆ ಮೊದಲ ಎರಡು ಕೊಡದಲ್ಲಿ ಬರುವುದು ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ದೊಡ್ಡ ವಿಜ್ಞಾನವೇನೂ ಬೇಡ. ಕ್ಲೋರಿನ್ ಸರಿಯಾಗಿ ಹಾಕಿದ್ದರೆ ನಳದ ತುದಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಮ್ ಉಳಿದಿರಬೇಕು. ನೀರಿಗೆ ಔಷಧದ ಹನಿ ಹಾಕಿ, ಬಣ್ಣ ನೋಡಿ ಎರಡು ನಿಮಿಷದಲ್ಲಿ ಹೇಳಬಹುದು. ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕು ಅಂತಿದೆ. ಕಿಟ್ ಬೀರುವಿನಲ್ಲಿದೆಯಾ, ಅವರ ಕೈಯಲ್ಲಿದೆಯಾ ಅನ್ನುವುದೇ ಪ್ರಶ್ನೆ. ನನ್ನ ಕೈಗೆ ಅಧಿಕಾರ ಸಿಕ್ಕರೆ ಇನ್ನೊಂದು ಓವರ್‌ಹೆಡ್ ಟ್ಯಾಂಕ್ ಕಟ್ಟಿಸುವ ಬದಲು ಟೇಲ್ ಎಂಡ್‌ನ ನಳದ ಕ್ಲೋರಿನ್ ಎಷ್ಟು ಅಂತ ಪಂಚಾಯ್ತಿ ಗೋಡೆಯ ಮೇಲೆ ದಿನಾ ಬರೆಸುತ್ತೇನೆ. ಮೈಲ್ 69ರ ಗೇಜ್ ಬರೆದ ಹಾಗೆ.

ಮೂಲದ ಕಡೆಯೂ ಒಂದು ಕಣ್ಣಿರಲಿ. ತುಂಗಭದ್ರಾ ಡ್ಯಾಮಿನಲ್ಲಿ ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟಿತ್ತು. ಎಲ್ಲರೂ ಮಾತಾಡಿದ್ದು ಬೆಳೆಯ ಬಗ್ಗೆ. ಬೇಸಿಗೆಯಲ್ಲಿ ನೂರಾರು ಊರುಗಳ ಕೊಡ ತುಂಬುವುದೂ ಅದೇ ನೀರಿನಿಂದ.

ಶೌಚಾಲಯಕ್ಕೆ ನೀರು ಹೊರುವವರು ಯಾರು

ಸ್ವಚ್ಛ ಭಾರತ ಅಭಿಯಾನ ಶುರುವಾಗಿದ್ದು 2014ರ ಅಕ್ಟೋಬರ್ 2ರಂದು. ಐದು ವರ್ಷದಲ್ಲಿ ಹಳ್ಳಿಗಳಲ್ಲಿ 10 ಕೋಟಿಗೂ ಜಾಸ್ತಿ ಶೌಚಾಲಯ ಕಟ್ಟಿದ್ದೇವೆ ಎಂದು ಸರ್ಕಾರ ಹೇಳಿತು. ಒಂದಕ್ಕೆ 12,000 ರೂಪಾಯಿ ಸಹಾಯಧನ. ಕೊಪ್ಪಳ ಜಿಲ್ಲೆಯ ಹದಿನಾರರ ಹುಡುಗಿಯೊಬ್ಬಳು ಮನೆಗೆ ಶೌಚಾಲಯ ಬೇಕೇ ಬೇಕು ಅಂತ ಊಟ ಬಿಟ್ಟು ಕೂತಿದ್ದಳು. 2016ರಲ್ಲಿ ಪ್ರಧಾನಿ ತಮ್ಮ ರೇಡಿಯೋ ಮಾತಿನಲ್ಲಿ ಆಕೆಯ ವಿಷಯ ಹೇಳಿದ್ದರು. ಬೆಳಗಿನ ಕತ್ತಲಲ್ಲಿ ಚರಿಗೆ ಹಿಡಿದು ಹೋಗುವ ಹೆಣ್ಣುಮಕ್ಕಳಿಗೆ ಹಾವು, ಚೇಳು, ಗಂಡಸರ ಕಣ್ಣು ಮೂರರದ್ದೂ ಹೆದರಿಕೆ. ಹಗಲಲ್ಲಿ ಹೋಗುವ ಹಾಗಿಲ್ಲ ಅಂತ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆ ಹುಡುಗಿಯ ಹಟ ನನಗೆ ಪೂರ್ತಿ ಅರ್ಥವಾಗುತ್ತದೆ.

ಅರ್ಥವಾಗದೇ ಇದ್ದದ್ದು ಬೇರೆ. ಕಟ್ಟಿದ ಶೌಚಾಲಯದಲ್ಲಿ ಕುಳ್ಳು, ಸೌದೆ ಯಾಕೆ ಇಡುತ್ತಾರೆ? ಜನರಿಗೆ ತಿಳಿವಳಿಕೆ ಇಲ್ಲ ಅಂತ ನಾನೂ ಸುಮ್ನೆ ಬೈದುಕೊಂಡಿದ್ದೆ. ಚಿಗವ್ವನೇ ಒಮ್ಮೆ ಲೆಕ್ಕ ಬಿಡಿಸಿ ಹೇಳಿದಳು. ಬಯಲಿಗೆ ಹೋದರೆ ಒಂದು ಚರಿಗೆ ನೀರು. ಸಂಡಾಸಿಗೆ ಸುರಿಯಲು ಬಕೆಟ್ ಬೇಕು. ಐದು ಜನರ ಮನೆಗೆ ದಿನಕ್ಕೆ ಮೂರ್ನಾಲ್ಕು ಕೊಡ ಜಾಸ್ತಿ. ಆ ಕೊಡ ಹೊರಬೇಕಾದವಳು ಯಾರು? ಯಾರಿಗೋಸ್ಕರ ಕಟ್ಟಿದರೋ ಅವಳೇ. ನಳವಿಲ್ಲದ ಶೌಚಾಲಯ ಅವಳ ಪಾಲಿಗೆ ಇನ್ನೊಂದು ಕೂಲಿ.

ಗುಂಡಿಯದ್ದು ಇನ್ನೊಂದು ಕಥೆ. ಎರಡು ಗುಂಡಿ ತೋಡಿ, ಒಂದು ತುಂಬಿದ ಮೇಲೆ ಮುಚ್ಚಿ ಎರಡನೆಯದಕ್ಕೆ ತಿರುಗಿಸಬೇಕು. ಮುಚ್ಚಿದ್ದು ಒಂದೆರಡು ವರ್ಷದಲ್ಲಿ ಗೊಬ್ಬರವಾಗುತ್ತದೆ, ವಾಸನೆಯೂ ಇರುವುದಿಲ್ಲ. ಆದರೆ ಎಷ್ಟೋ ಕಡೆ ತೋಡಿದ್ದು ಒಂದೇ. ಎರಡು ಇದ್ದರೂ ಗೊಬ್ಬರ ತೆಗೆಯಲು ಯಾರೂ ಕೈ ಹಾಕುವುದಿಲ್ಲ. ಅದು ‘ಅವರ’ ಕೆಲಸ ಅನ್ನುವ ಭಾವನೆ ನಮ್ಮ ಊರುಗಳಲ್ಲಿ ಗಟ್ಟಿಯಾಗಿದೆ. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲೇ ಕರ್ನಾಟಕದಲ್ಲಿ ಹೆಜ್ಜೆ ಇಟ್ಟಿದ್ದರು. ಕೇಂದ್ರದ ಕಾನೂನು 1993ರಲ್ಲಿ ಬಂತು, 2013ರಲ್ಲಿ ಇನ್ನೂ ಬಿಗಿಯಾಯಿತು. ಒಳಚರಂಡಿಯಲ್ಲಿ ಸತ್ತವರ ಮನೆಗೆ 30 ಲಕ್ಷ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಬೇಕಾಯಿತು. ಅಂದರೆ ಜನ ಆಗಲೂ ಇಳಿಯುತ್ತಿದ್ದರು, ಸಾಯುತ್ತಿದ್ದರು. ಒಬ್ಬರ ನೈರ್ಮಲ್ಯಕ್ಕೆ ಇನ್ನೊಬ್ಬರ ಬಡತನವೇ ಕೂಲಿಯಾಳು ಆಗುವುದಾದರೆ ಯಾವ ಬಡತನ ಕಡಿಮೆಯಾಯಿತು ಅಂತ ಲೆಕ್ಕ ಹಾಕುವುದು?

ಸಂಶೋಧನೆ ಹೇಳುವ ಕಹಿ ಮಾತು

ಮೊದಲು ಹೇಳಿದ 33 ಸಾವಿರದ ತೂತು ನೆನಪಿದೆಯಾ? ಮೊರಾಕ್ಕೊ ದೇಶದ ಟಾಂಜಿಯರ್ ನಗರದಲ್ಲಿ ಬಡ ಮನೆಗಳಿಗೆ ಬಡ್ಡಿಯಿಲ್ಲದ ಸಾಲದ ಮೇಲೆ ನಳ ಹಾಕಿಸಿಕೊಟ್ಟು ಏನಾಗುತ್ತದೆ ಅಂತ ನೋಡಿದರು. ಮುಂದೆ 2019ರಲ್ಲಿ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಆ ತಂಡದಲ್ಲಿದ್ದರು. 2012ರಲ್ಲಿ ಫಲಿತಾಂಶ ಬಂತು. ಮನೆಗಳ ಆದಾಯ ಏರಲಿಲ್ಲ. ಹಳೆಯ ಸಾರ್ವಜನಿಕ ನಳದ ನೀರೂ ಶುದ್ಧವೇ ಇದ್ದದ್ದರಿಂದ ಕಾಯಿಲೆಯಲ್ಲೂ ವ್ಯತ್ಯಾಸ ಇಲ್ಲ. ಆದರೂ ಜನ ಮೊದಲಿಗಿಂತ ಖುಷಿಯಾಗಿದ್ದರು. ನೀರಿನ ಜಗಳ ಕಡಿಮೆಯಾಗಿತ್ತು, ಬಿಡುವು ಸಿಕ್ಕಿತ್ತು.

ಇದರ ಅರ್ಥ ಸರಳ. ಉಳಿದ ಎರಡು ಗಂಟೆ ತಾನಾಗಿಯೇ ದುಡ್ಡಾಗುವುದಿಲ್ಲ. ಊರಲ್ಲಿ ಕೆಲಸ ಇದ್ದರೆ, ಕೂಲಿ ಸಮಕ್ಕೆ ಸಿಕ್ಕರೆ ಮಾತ್ರ ದುಡ್ಡು. ಇಲ್ಲದಿದ್ದರೆ ಅದು ಬಿಡುವು. ಬಿಡುವೂ ಬೇಕು ಅನ್ನುವುದು ನನ್ನ ಅಭಿಪ್ರಾಯ. ಚಿಗವ್ವ ಮಧ್ಯಾಹ್ನ ಅರ್ಧ ತಾಸು ಕಟ್ಟೆಯ ಮೇಲೆ ಕೂತರೆ ದೇಶಕ್ಕೆ ನಷ್ಟವೇನಿಲ್ಲ.

ಇನ್ನೂ ಕಹಿಯಾದದ್ದು 2018, 2019ರಲ್ಲಿ ಬಂತು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಸಾವಿರಾರು ಮನೆಗಳಿಗೆ ಶೌಚಾಲಯ, ಕ್ಲೋರಿನ್, ಕೈ ತೊಳೆಯುವ ವ್ಯವಸ್ಥೆ ಕೊಟ್ಟು ಮಕ್ಕಳ ಎತ್ತರ ಅಳೆದರು. ಅವುಗಳಿಂದ ಮಕ್ಕಳ ಬೆಳವಣಿಗೆ ಹೆಚ್ಚಲಿಲ್ಲ. ಭೇದಿ ಕೂಡ ಇಳಿದದ್ದು ಬಾಂಗ್ಲಾದಲ್ಲಿ ಮಾತ್ರ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಾಗಾಗಿ ಇದು ನಮಗೆ ದೂರದ ಸುದ್ದಿಯಲ್ಲ.

ಹಾಗಾದರೆ ಕ್ಲೋರಿನ್ ವ್ಯರ್ಥವಾ? ಇಲ್ಲ. ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಜೊತೆಗಾರರು ಹಲವು ಪ್ರಯೋಗಗಳ ಫಲಿತಾಂಶ ಒಟ್ಟು ಮಾಡಿ ನೋಡಿದಾಗ, ಕುಡಿಯುವ ನೀರನ್ನು ಶುದ್ಧ ಮಾಡುವುದರಿಂದ ಚಿಕ್ಕ ಮಕ್ಕಳ ಸಾವು ಸುಮಾರು ಕಾಲು ಭಾಗ ಇಳಿಯುತ್ತದೆ ಅಂತ ಕಂಡಿತು. ಜೀವ ಉಳಿಸಲು ಕ್ಲೋರಿನ್ ಸಾಕು, ಮಗು ಎತ್ತರಕ್ಕೆ ಬೆಳೆಯಲು ಸಾಲದು. ಒಂದು ಮನೆ ಶುಚಿಯಾಗಿದ್ದು ಹತ್ತು ಮನೆಯ ಹೊಲಸು ಅದೇ ಓಣಿಯಲ್ಲಿ ಹರಿದರೆ ಮಗುವಿನ ಹೊಟ್ಟೆಗೆ ರೋಗಾಣು ಹೋಗುವುದು ನಿಲ್ಲುವುದಿಲ್ಲ.

ಒಡಿಶಾದ ಅನುಭವ ಇದನ್ನೇ ತಿರುಗಿಸಿ ತೋರಿಸುತ್ತದೆ. ಅಲ್ಲಿ ಗ್ರಾಮ ವಿಕಾಸ್ ಎಂಬ ಸಂಸ್ಥೆ ಹಳ್ಳಿಗಳಿಗೆ ಒಂದೇ ಷರತ್ತು ಹಾಕುತ್ತದೆ. ಊರಿನ ಎಲ್ಲ ಮನೆಯವರೂ ಒಪ್ಪಬೇಕು, ಒಬ್ಬರು ಬಿಟ್ಟರೂ ಕೆಲಸ ಇಲ್ಲ. ಪ್ರತಿ ಮನೆಗೆ ಶೌಚಾಲಯ, ಬಚ್ಚಲು, ಅದಕ್ಕೆ ನಳದ ನೀರು, ಮೂರೂ ಒಟ್ಟಿಗೆ. ಅಂಥ ಊರುಗಳಲ್ಲಿ ಚಿಕಿತ್ಸೆ ಬೇಕಾಗುವಷ್ಟು ಭೇದಿ ಶೇ 30ರಿಂದ 50ರಷ್ಟು ಇಳಿಯಿತು. ವರ್ಷಗಳ ನಂತರವೂ ಹಾಗೇ ಇತ್ತು. ಎಲ್ಲರೂ ಅಂದರೆ ಕೇರಿಯೂ ಸೇರಿ. ಟೇಲ್ ಎಂಡ್ ಬಿಟ್ಟು ಊರು ಆರೋಗ್ಯವಾಗಿರಲು ಬರುವುದಿಲ್ಲ ಅಂತ ಇದನ್ನು ನಾನು ಓದಿಕೊಳ್ಳುತ್ತೇನೆ.

ಲೆಕ್ಕದಲ್ಲಿ ಊರು, ಬದುಕು ಶೆಡ್ಡಿನಲ್ಲಿ

2019ರ ಆಗಸ್ಟ್ 15ರಂದು ಜಲಜೀವನ ಮಿಷನ್ ಘೋಷಣೆ ಆದಾಗ ದೇಶದಲ್ಲಿ 3.23 ಕೋಟಿ ಹಳ್ಳಿ ಮನೆಗಳಿಗೆ ಮಾತ್ರ ನಳ ಇತ್ತು. 2025ರ ಹೊತ್ತಿಗೆ 15 ಕೋಟಿ ದಾಟಿತು. ನಮ್ಮಲ್ಲಿ ಇದರ ಹೆಸರು ‘ಮನೆ ಮನೆಗೆ ಗಂಗೆ’. ಇದು ಸಣ್ಣ ಸಾಧನೆ ಅಲ್ಲ. 2024ಕ್ಕೆ ಮುಗಿಯಬೇಕಿದ್ದ ಗಡುವು 2028ಕ್ಕೆ ಹೋಗಿದೆ.

ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ 12 ಅಳತೆಗೋಲುಗಳಿವೆ. ಕುಡಿಯುವ ನೀರು ಒಂದು, ಶೌಚಾಲಯ ಇನ್ನೊಂದು. 2015–16ರಲ್ಲಿ ಶೇ 24.85 ಇದ್ದ ಈ ಬಡತನ 2019–21ಕ್ಕೆ ಶೇ 14.96ಕ್ಕೆ ಇಳಿಯಿತು, 13.5 ಕೋಟಿ ಜನ ಹೊರಬಂದರು ಎಂದು 2023ರ ವರದಿ ಹೇಳಿತು. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಶೌಚಾಲಯ ಕಟ್ಟಿದರೆ ಸೂಚ್ಯಂಕ ತಾನಾಗಿ ಇಳಿಯುತ್ತದೆ, ಯಾಕೆಂದರೆ ಅದೇ ಒಂದು ಅಳತೆಗೋಲು. ಅದರೊಳಗೆ ಕುಳ್ಳು ಇದೆಯಾ ಅಂತ ಸೂಚ್ಯಂಕ ಕೇಳುವುದಿಲ್ಲ.

ಗುಳೆಯನ್ನೂ ಅದು ಕೇಳುವುದಿಲ್ಲ. ಸುಗ್ಗಿ ಮುಗಿದ ಮೇಲೆ ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಬಸ್ಸುಗಟ್ಟಲೆ ಜನ ಬೆಂಗಳೂರು, ಹೈದರಾಬಾದ್, ಗೋವಾ ಕಡೆ ಹೋಗುತ್ತಾರೆ. ಚಿಗವ್ವನ ಮಗ, ಸೊಸೆಯೂ ಹೋಗುತ್ತಾರೆ. ಊರಿನ ಮನೆಗೆ ನಳ ಇದೆ, ಶೌಚಾಲಯ ಇದೆ. ಸರ್ಕಾರದ ಲೆಕ್ಕದಲ್ಲಿ ಅವರು ನೀರು ಸಿಕ್ಕವರು. ಅವರು ಬದುಕುವುದು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಅಲ್ಲಿ ಕಟ್ಟಡದ ಕ್ಯೂರಿಂಗ್‌ಗೆ ಬಂದ ಟ್ಯಾಂಕರ್ ನೀರಲ್ಲೇ ಸ್ನಾನ. ಕುಡಿಯಲು ಕ್ಯಾನ್ ಖರೀದಿ. ಇಪ್ಪತ್ತು ಮನೆಗೆ ಒಂದು ಸಂಡಾಸ ಇದ್ದರೆ ಪುಣ್ಯ. ಹೊಸ ಮನೆಗಳಿಗೆ ಮೂರು ಮೂರು ಬಾತ್‌ರೂಮಿನ ಟೈಲ್ಸ್ ಹಾಕಿ ಬಂದವರು ಸಂಜೆ ಖಾಲಿ ಸೈಟ್ ಹುಡುಕುತ್ತಾರೆ. ವರ್ಷದ ಐದಾರು ತಿಂಗಳು ಬದುಕು ಹೀಗಿದ್ದರೆ ಊರಿನ ನಳ ಯಾರ ಬಡತನ ಇಳಿಸಿತು?

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ನೀರಗಂಟಿಯ ಹತ್ತಿರ. ವಾಲ್ವ್ ತಿರುಗಿಸುವವನು, ಬ್ಲೀಚಿಂಗ್ ಪೌಡರ್ ಕಲಸುವವನು, ಪೈಪ್ ಒಡೆದರೆ ಬೈಸಿಕೊಳ್ಳುವವನು ಆತನೇ. ಪೈಪ್ ಹಾಕಲು ಕೋಟಿಗಟ್ಟಲೆ ಟೆಂಡರ್ ಇರುತ್ತದೆ. ಅದನ್ನು ನಡೆಸುವ ಆತನ ಸಂಬಳಕ್ಕೆ ಪಂಚಾಯ್ತಿಯಲ್ಲಿ ತಿಂಗಳು ತಿಂಗಳು ಒದ್ದಾಟ. ನೀರಿನ ಕರ ಕೊಡಿ ಅಂದರೆ ‘ನೀರೇ ಬರಲ್ಲ, ಯಾಕೆ ಕೊಡಬೇಕು’ ಅನ್ನುತ್ತಾರೆ. ಕರ ಇಲ್ಲದೆ ಹೇಗೆ ನಡೆಸಲಿ ಅನ್ನುತ್ತದೆ ಪಂಚಾಯ್ತಿ. ಇಬ್ಬರದ್ದೂ ಸರಿ. ಮೊದಲು ಸೋಲಬೇಕಾದವರು ಪಂಚಾಯ್ತಿ ಅನ್ನುವುದು ನನ್ನ ವಾದ. ಮೂರು ತಿಂಗಳು ಟೇಲ್ ಎಂಡ್‌ಗೆ ತಪ್ಪದೆ ನೀರು ಕೊಟ್ಟು ಆಮೇಲೆ ಕರ ಕೇಳಲಿ. ಐದು ರೂಪಾಯಿ ಕೊಟ್ಟು ಕ್ಯಾನ್ ತುಂಬಿಸಿಕೊಳ್ಳುವ ಜನ ಬರುವ ನೀರಿಗೆ ದುಡ್ಡು ಕೊಡುವುದಿಲ್ಲ ಅಂತ ನಾನು ನಂಬುವುದಿಲ್ಲ.

ಇದನ್ನು ಬರೆಯುವ ಮುಂಚೆ ಚಿಗವ್ವನಿಗೆ ಫೋನ್ ಮಾಡಿದ್ದೆ. ಆಕೆಯದು ಓಣಿಯ ಕೊನೆಯ ಮನೆ. ನಳಕ್ಕೆ ನೀರು ಬರುತ್ತದಾ ಅಂತ ಕೇಳಿದೆ.

‘ಬರ್ತೈತಿ ತಮ್ಮಾ. ನಾಕು ದಿನಕ್ಕೊಮ್ಮೆ. ಮ್ಯಾಲಿನ ಓಣ್ಯಾಗಿನ ಮೋಟರ್ ಬಂದ್ ಆದ ಮ್ಯಾಲ ನಮಗ ಬರ್ತೈತಿ. ಮೊದಲಿನ ಎರಡು ಕೊಡ ಬ್ಯಾರೆ ಹಿಡೀತೀನಿ, ಆಮ್ಯಾಲಿಂದು ಕುಡಿಯಾಕ.’

ಆ ಎರಡು ಕೊಡ ಚೆಲ್ಲುತ್ತೀಯಾ ಅಂದೆ.

‘ಯಾಕ ಚೆಲ್ಲಲಿ? ಸಂಡಾಸಕ್ಕ ಇಟ್ಕೋತೀನಿ.’